ಬೆರಳಮ್ಮ ಆರಿಸಿದ ಲಿನಕ್ಸ್

೨೦೧೯ನೆಯ ಇಸವಿ, ನವೆಂಬರ್ ಹನ್ನೊಂದನೆಯ ತಾರೀಖು, ಸೋಮವಾರ. ಚಳಿಗಾಲ ಆಗತಾನೇ ಕಾಲಿಡುತ್ತಿತ್ತು. ಎಂಟು ಗಂಟೆಯಾದರೂ ಬೆಳಗಿನ ಮಂಜು ಬೀದಿಯನ್ನು ಬಿಟ್ಟು ಹೊರಡಲು ಮನಸ್ಸು ಮಾಡಿರಲಿಲ್ಲ. ಕನ್ನಡಕದ ಅಂಗಡಿಯ ಮೇಲಿನ ಮಹಡಿಯಲ್ಲಿ, ಬಸ್ ನಿಲ್ದಾಣದ ಕಡೆಗೆ ಮೂರು ಕಿಟಕಿಗಳಿದ್ದ ಉದ್ದನೆಯ ಕೋಣೆಯಲ್ಲಿ, ಟೈಪಿಂಗ್ ಶಾಲೆಯ ಟೀಚರ್ ಪರೀಕ್ಷಾ ಮಂಡಳಿಯಿಂದ ಬಂದ ಸುತ್ತೋಲೆಯನ್ನು ಎರಡನೆಯ ಸಲ ಓದಿ ಮೇಜಿನ ಮೇಲಿಟ್ಟರು.

ಅದರಲ್ಲಿದ್ದುದು ಇಷ್ಟು. ಮುಂದಿನ ಫೆಬ್ರವರಿಯ ಪರೀಕ್ಷೆಯಿಂದ ಮೊದಲುಗೊಂಡು, ಪರೀಕ್ಷಾ ಕೇಂದ್ರದ ಪ್ರತಿಯೊಂದು ಕಂಪ್ಯೂಟರಿನಲ್ಲೂ ಸುರಕ್ಷತೆಯ ತಿದ್ದುಪಡಿಗಳು ಇನ್ನೂ ಬರುತ್ತಿರುವ ಕಾರ್ಯವ್ಯವಸ್ಥೆಯೇ ಇರತಕ್ಕದ್ದು. ತಪಾಸಣೆ ಡಿಸೆಂಬರ್ ಹದಿನಾರು, ಸೋಮವಾರ. ತಪಾಸಣೆಯಲ್ಲಿ ತಪ್ಪಿದ ಕೇಂದ್ರದ ಮಾನ್ಯತೆ ರದ್ದಾಗುತ್ತದೆ.

ಟೀಚರ ಬಳಿ ಇದ್ದ ಹನ್ನೆರಡು ಕಂಪ್ಯೂಟರುಗಳು ಒಂದು ವಿಮಾ ಕಚೇರಿಯವರು ಬೇಡವೆಂದು ಹೊರಗಿಟ್ಟಾಗ ಇಲ್ಲಿಗೆ ಬಂದಂಥವು. ಅವುಗಳಲ್ಲಿದ್ದ ವಿಂಡೋಸ್ ಎಕ್ಸ್‌ಪಿಗೆ ತಿದ್ದುಪಡಿಗಳು ಬರುವುದು ೨೦೧೪ನೆಯ ಇಸವಿಯ ಏಪ್ರಿಲ್ ಎಂಟರಂದೇ ನಿಂತುಹೋಗಿತ್ತು. ಹೊಸ ವಿಂಡೋಸನ್ನು ಹೊರುವ ತ್ರಾಣ ಆ ಯಂತ್ರಗಳಿಗಿರಲಿಲ್ಲ. ಹೊಸ ಯಂತ್ರಗಳನ್ನು ಕೊಳ್ಳುವ ತ್ರಾಣ ಟೀಚರಿಗಿರಲಿಲ್ಲ. ಮಾನ್ಯತೆ ಹೋದರೆ ವಿದ್ಯಾರ್ಥಿಗಳು ಪರೀಕ್ಷೆ ಬರೆಯಲು ಹೊಳೆಯಾಚೆಯ ಪಟ್ಟಣಕ್ಕೆ ಹೋಗಬೇಕು. ಪರೀಕ್ಷೆಗೆಂದು ಅಲ್ಲಿಗೆ ಹೋದವರು ಪಾಠಕ್ಕೂ ಅಲ್ಲಿಯೇ ಸೇರಿಕೊಳ್ಳುತ್ತಾರೆ. ೧೯೮೮ನೆಯ ಇಸವಿ ಜೂನ್ ಒಂದರಂದು, ಬುಧವಾರ, ಬಾಗಿಲು ತೆರೆದ ಶಾಲೆ ಬಾಗಿಲು ಹಾಕಬೇಕಾಗುತ್ತದೆ. ಇದನ್ನು ತಿಳಿಯಲು ಟೀಚರಿಗೆ ಸುತ್ತೋಲೆಯ ಮೂರನೆಯ ಓದು ಬೇಕಾಗಲಿಲ್ಲ.

ವಿದ್ಯಾರ್ಥಿಗಳು ಬೆನ್ನ ಹಿಂದೆ ಅವರನ್ನು ಬೆರಳಮ್ಮ ಎನ್ನುತ್ತಿದ್ದರು. ಅದು ಅವರಿಗೂ ಗೊತ್ತಿತ್ತು, ಗೊತ್ತಿದ್ದೂ ಬೇಸರಪಟ್ಟುಕೊಂಡಿರಲಿಲ್ಲ. ೧೯೫೯ನೆಯ ಇಸವಿ ಜುಲೈ ಮೂರರಂದು ಹುಟ್ಟಿದ ಅವರು ಇಪ್ಪತ್ತನೆಯ ವಯಸ್ಸಿಗೆ ಒಂದು ಸರಕುಸಾಗಣೆ ಕಂಪನಿಯಲ್ಲಿ ಟೈಪಿಸ್ಟರಾಗಿ ಸೇರಿದಾಗ, ಅಲ್ಲಿನ ಹಿರಿಯ ಟೈಪಿಸ್ಟ್ ಅವರ ಎರಡು ಕೈಗಳ ಮೇಲೂ ಒಂದು ಕರವಸ್ತ್ರ ಹೊದಿಸಿ, ಕಣ್ಣು ಎದುರಿನ ಪ್ರತಿಯ ಮೇಲಿರಲಿ, ಬೆರಳು ತನ್ನ ದಾರಿ ತಾನೇ ಹುಡುಕಿಕೊಳ್ಳಲಿ ಎಂದಿದ್ದರು. ಕೀಲಿಗಳನ್ನು ನೋಡುವುದು ಕಲಿಯದವರ ಲಕ್ಷಣ. ಹೊಡೆಯುತ್ತಿರುವ ಹಾಗೆಯೇ ಕಾಗದದ ಕಡೆಗೆ ಕಣ್ಣು ಹಾಯಿಸುವುದು ತನ್ನ ಬೆರಳಿನ ಮೇಲೆ ತನಗೇ ನಂಬಿಕೆಯಿಲ್ಲದವರ ಲಕ್ಷಣ. ಆ ಪಾಠ ಅವರ ಮೈಗೂಡಿಹೋಯಿತು. ಟೈಪ್‌ರೈಟರುಗಳು ಹೋಗಿ ಕಂಪ್ಯೂಟರುಗಳು ಬಂದ ಮೇಲೂ ಅವರು ಪುಟ ಮುಗಿಯುವವರೆಗೆ ಪರದೆಯತ್ತ ತಲೆಯೆತ್ತಿದವರಲ್ಲ. ಮುಗಿಸಿ, ಕೈಗಳನ್ನು ಮಡಿಲಲ್ಲಿಟ್ಟುಕೊಂಡು, ಆಮೇಲೆ ಒಮ್ಮೆ ನೋಡುವರು. ತಪ್ಪು ಇರುತ್ತಿರಲಿಲ್ಲ.

ಸುತ್ತೋಲೆ ಬಂದ ವಾರದಲ್ಲೇ ಅವರ ಮೈದುನ ಮೂರು ಡಿಸ್ಕುಗಳನ್ನು ಹಿಡಿದು ಮೆಟ್ಟಿಲು ಹತ್ತಿ ಬಂದ. ಪ್ರಿಂಟರ್ ಮತ್ತು ಕಂಪ್ಯೂಟರ್ ರಿಪೇರಿಯ ಕಸುಬಿನವನು, ಐವತ್ತು ದಾಟಿದವನು. ಉಗುರಿನ ಸಂದಿಯಲ್ಲಿ ಪ್ರಿಂಟರಿನ ಕಪ್ಪು ಪುಡಿ ಅವನಿಗೆ ಹುಟ್ಟುಮಚ್ಚೆಯಂತೆ ನೆಲೆನಿಂತಿತ್ತು.

"ವಿಂಡೋಸ್ ಬದಲು ಲಿನಕ್ಸ್ ಹಾಕೋಣ ಅತ್ತಿಗೆ. ಬೇರೆ ದಾರಿ ಇಲ್ಲ."

"ಅದು ಯಾವ ಕಂಪನಿದು?"

"ಒಂದು ಕಂಪನಿದು ಅಂತ ಇಲ್ಲ. ಎಂಜಿನ್ ಎಲ್ಲದಕ್ಕೂ ಒಂದೇ. ಅದರ ಮೇಲೆ ಯಾರು ಬೇಕಾದ್ರೂ ತಮಗೆ ಬೇಕಾದ ಹಾಗೆ ಬಾಡಿ ಕಟ್ಕೋಬಹುದು. ಒಬ್ಬ ಬಸ್ ಕಟ್ತಾನೆ, ಒಬ್ಬ ಲಾರಿ ಕಟ್ತಾನೆ. ಹಾಗೆ ಕಟ್ಟಿ ನಿಲ್ಲಿಸಿದ ಗಾಡಿಗೆ ಡಿಸ್ಟ್ರೋ ಅಂತಾರೆ. ನೂರಾರಿವೆ."

"ನೂರಾರಿದ್ರೆ ನೀನು ಮೂರೇ ಯಾಕೆ ತಂದೆ? ಸೋಮಾರಿ."

"ನಿಮ್ಮವು ಮೂವತ್ತೆರಡು ಬಿಟ್ ಯಂತ್ರಗಳು ಅತ್ತಿಗೆ, ಮೆಮೊರಿ ಒಂದೊಂದೇ ಜಿಬಿ. ಅಂಥವಕ್ಕೆ ಕಟ್ಟೋದನ್ನ ಈಗ ಬಹಳ ಜನ ನಿಲ್ಲಿಸಿಬಿಟ್ಟಿದಾರೆ. ಇನ್ನೂ ಕಟ್ತಿರೋರಲ್ಲಿ ನನಗೆ ಸರಿ ಕಂಡಿದ್ದು ಈ ಮೂರು. ಬಾಡಿ ಭಾರ ಆದ್ರೆ ಹಳೇ ಗಾಡಿ ಏರು ಹತ್ತಲ್ಲ, ಅದನ್ನ ನೋಡಿ ಆರಿಸ್ಬೇಕು."

ಯಂತ್ರದೊಳಗೆ ಇದ್ದುದನ್ನು ಮುಟ್ಟದೆ, ಡಿಸ್ಕಿನಿಂದಲೇ ನಡೆಸಿ ನೋಡುವ ಅನುಕೂಲ ಮೂರಕ್ಕೂ ಇತ್ತು. ಮೈದುನ ಒಂದೊಂದನ್ನಾಗಿ ಹಾಕಿ ತೋರಿಸಿದ. ಟೀಚರ್ ವಿದ್ಯಾರ್ಥಿಗಳಿಗೆ ಇಡುವಂತೆಯೇ ಅವುಗಳಿಗೂ ಅಡ್ಡಹೆಸರಿಟ್ಟರು. ಮೊದಲನೆಯದರಲ್ಲಿ ಕಿಟಕಿಗಳು ಮೆಲ್ಲಗೆ ಅರಳಿ ಮೆಲ್ಲಗೆ ಕರಗುತ್ತಿದ್ದವು, ಅಂಚುಗಳಿಗೆ ನೆರಳಿತ್ತು, ಪರದೆಯ ಮೇಲೆ ಬೆಟ್ಟದ ಚಿತ್ರವಿತ್ತು. ಅದಕ್ಕೆ ಮದುಮಗಳು ಎಂದು ಹೆಸರಾಯಿತು. ಎರಡನೆಯದರ ನಿಜವಾದ ಹೆಸರೇ ಪಪ್ಪಿ, ಅದು ನಾಯಿಮರಿಯಾಯಿತು. ಮೂರನೆಯದು ಆಂಟಿಎಕ್ಸ್: ಕೆಳಗೊಂದು ಬೂದು ಪಟ್ಟಿ, ನಾಲ್ಕಾರು ಸಣ್ಣ ಗುರುತುಗಳು, ಅಷ್ಟೇ.

"ಇದೇನೋ ಇದು, ಸುಣ್ಣ ಬಳಿಯೋನು ಅರ್ಧಕ್ಕೇ ಎದ್ದುಹೋದ ಹಾಗಿದೆ. ಬಡಕಲು."

"ನೋಡೋಕೆ ಬಡಕಲೇ. ಆದ್ರೆ ಹಗುರ."

"ತಪಾಸಣೆಗೆ ಬರೋರು ಮೊದಲು ನೋಡೋದು ಮುಖಾನೇ. ಆ ಮದುಮಗಳನ್ನ ಇನ್ನೊಂದು ಸಲ ಹಾಕು."

ಮದುಮಗಳು ಬಂದಳು. ಟೀಚರ್ ಕುರ್ಚಿಯನ್ನು ಎಳೆದುಕೊಂಡು, ಬೆನ್ನು ನೆಟ್ಟಗೆ ಮಾಡಿ, ಎಡಗಡೆಯ ಸ್ಟ್ಯಾಂಡಿಗೆ ವ್ಯವಹಾರ ಪತ್ರದ ಒಂದು ಮಾದರಿ ಸಿಕ್ಕಿಸಿ, ಹೊಡೆಯತೊಡಗಿದರು. ಬೆರಳುಗಳು ಮುಂಗಾರಿನ ಹನಿಗಳಂತೆ ಒಂದೇ ಲಯದಲ್ಲಿ ಬಿದ್ದವು. ಪುಟ ಮುಗಿಯಿತು. ಕೈಗಳು ಮಡಿಲಿಗೆ ಬಂದವು. ಮೈದುನ ಏನೋ ಹೇಳಲು ಬಾಯಿ ತೆರೆದವನು, ಅತ್ತಿಗೆ ತಲೆಯೆತ್ತಿ ಪರದೆಯನ್ನು ಓದುತ್ತಿರುವುದನ್ನು ಕಂಡು ಸುಮ್ಮನಾದ. ಪತ್ರ ಮೊದಲಿನಿಂದ ಕೊನೆಯವರೆಗೆ ಸರಿಯಾಗಿತ್ತು. ಒಂದು ಅಲ್ಪವಿರಾಮವೂ ಜಾರಿರಲಿಲ್ಲ.

"ಸರಿ ಇದೆ. ಹನ್ನೆರಡಕ್ಕೂ ಇದನ್ನೇ ಹಾಕು."

ನವೆಂಬರ್ ಇಪ್ಪತ್ತನಾಲ್ಕು, ಭಾನುವಾರ ಸಂಜೆಯ ಹೊತ್ತಿಗೆ ಹನ್ನೆರಡು ಪರದೆಗಳಲ್ಲೂ ಬೆಟ್ಟ ಕಾಣಿಸಿತು. ಟೀಚರ್ ಬಾಗಿಲಿಗೆ ಬೀಗ ಹಾಕುವ ಮೊದಲು ಹಿಂತಿರುಗಿ ಒಮ್ಮೆ ನೋಡಿ, ಬರಲಿ ಈಗ ಯಾರು ಬರ್ತಾರೋ, ಎಂದುಕೊಂಡು ಇಳಿದುಹೋದರು.

ಮರುದಿನ ಬೆಳಗಿನ ತರಗತಿಯಲ್ಲೇ ತೊಡಕು ತಲೆಯೆತ್ತಿತು. ಒಬ್ಬರಲ್ಲ ಇಬ್ಬರಲ್ಲ, ಎಲ್ಲರ ಪುಟಗಳಲ್ಲೂ ಅಕ್ಷರಗಳು ಎರಡೆರಡಾಗಿ, ಮೂರು ಮೂರಾಗಿ ಬಿದ್ದಿದ್ದವು. ಚೆನ್ನಾಗಿ ಹೊಡೆಯುತ್ತಿದ್ದ ಹುಡುಗಿಯರೂ ಮುಗ್ಗರಿಸಿದರು. ಟೀಚರ್ ಹುಬ್ಬು ಗಂಟಿಕ್ಕಿದರು. ಹೊಸ ಬಣ್ಣಬಣ್ಣದ ಪರದೆ ಕಂಡು ಇವರಿಗೆಲ್ಲ ಬೆರಳು ಸಡಿಲವಾಗಿದೆ ಎಂದು ತೀರ್ಮಾನಿಸಿ, ಪಾಠವನ್ನು ಮೊದಲ ದಿನದ ಸಾಲಿಗೆ ಹಿಂದೂಡಿದರು. ಪತ್ರ, ಪಟ್ಟಿ ಎಲ್ಲ ಬಂದ್. ಬರೀ ಮಧ್ಯದ ಸಾಲಿನ ಕೀಲಿಗಳು. ಎಡಗೈ, ಬಲಗೈ, ಮತ್ತೆ ಎಡಗೈ. ತಿದ್ದುವ ಕಲೆಯಲ್ಲಿ ಅವರಿಗೆ ಸಂಶಯವೆಂಬುದೇ ಇರಲಿಲ್ಲ. ಒಂದು ವಾರ ಕಳೆಯಿತು. ಅಕ್ಷರಗಳು ಮಾತ್ರ ಜೋಡಿಜೋಡಿಯಾಗಿಯೇ ಬೀಳುತ್ತಿದ್ದವು. ಪರೀಕ್ಷೆ ಕಟ್ಟಿದ್ದ ಇಬ್ಬರು ಹೊಳೆಯಾಚೆಯ ಶಾಲೆಯನ್ನು ವಿಚಾರಿಸಿಕೊಂಡು ಬಂದಿದ್ದಾರೆಂಬ ಸುದ್ದಿ ಕನ್ನಡಕದ ಅಂಗಡಿಯವರ ಬಾಯಿಂದ ಮೇಲಕ್ಕೆ ಬಂತು.

ಡಿಸೆಂಬರ್ ಐದು, ಗುರುವಾರ. ಮಧ್ಯಾಹ್ನದ ತರಗತಿ. ಮೂರನೆಯ ಕಿಟಕಿಯ ಬಳಿ ಕುಳಿತು ಕಲಿಯುತ್ತಿದ್ದವರು ಒಬ್ಬ ಬಸ್ ಕಂಡಕ್ಟರ್. ಇಪ್ಪತ್ತೈದು ವರ್ಷ ನಿಂತು ನಿಂತು ಮಂಡಿ ಸವೆದಿತ್ತು. ಟೈಪಿಂಗ್ ಪರೀಕ್ಷೆ ಪಾಸಾದರೆ ಡಿಪೋದ ಕಚೇರಿಯಲ್ಲಿ ಕುಳಿತು ಮಾಡುವ ಕೆಲಸ ಸಿಗುವುದಿತ್ತು. ಇಡೀ ಶಾಲೆಯಲ್ಲೇ ನಿಧಾನದ ಬೆರಳು ಅವರದು. ಟೀಚರ್ ಅವರ ಪುಟವನ್ನು ಎತ್ತಿ ಬೆಳಕಿಗೆ ಹಿಡಿದರು.

"ಇದೇನ್ರೀ ಕಂಡಕ್ಟರೇ, ಒಂದು ಅಕ್ಷರಕ್ಕೆ ಐದು ಟಿಕೆಟ್ ಹರಿದಿದೀರಿ?"

"ನಾನು ಒಂದೇ ಹರಿದಿದ್ದು ಟೀಚರ್. ಪ್ರಯಾಣಿಕ ಹತ್ತಲಿಲ್ಲ. ಕಾಣಲಿಲ್ವಲ್ಲ ಅಂತ ಮತ್ತೆ ಹರಿದೆ. ಆಮೇಲೆ ಐದೂ ಜನ ಒಟ್ಟಿಗೆ ನುಗ್ಗಿದ್ರು."

ತರಗತಿ ಕಿಸಕ್ಕೆಂದಿತು. ಟೀಚರ್ ನಗಲಿಲ್ಲ.

"ನಿಮ್ಮ ಬೆರಳು ಭಾರ."

"ಅದೇ ಬೆರಳು ಟೀಚರ್. ಹೋದ ತಿಂಗಳು ನೀವೇ ಪರವಾಗಿಲ್ಲ ಅಂದಿದ್ರಿ."

"ಪರದೆ ಯಾಕೆ ನೋಡ್ತೀರಿ? ಪ್ರತಿ ನೋಡಿ, ಪ್ರತಿ ನೋಡಿ ಅಂತ ಇನ್ನೆಷ್ಟು ಸಲ ಬಡ್ಕೋಬೇಕು?"

"ಕಲಿಯೋ ತನಕ ಕಣ್ಣು ಆ ಕಡೆ ಹೋಗುತ್ತೆ, ಏನು ಮಾಡ್ಲಿ? ನೀವು ಕೋಪ ಮಾಡ್ಕೋಬಾರದು, ಒಂದು ಮಾತು. ನೀವೂ ಒಂದು ಸಲ ಪರದೆ ನೋಡ್ತಾ ಹೊಡೆದು ನೋಡಿ. ಒಂದೇ ಒಂದು ಸಾಲು."

ಅಂಥ ಮಾತನ್ನು ಆ ಕೋಣೆಯಲ್ಲಿ ಯಾರೂ ಆಡಿರಲಿಲ್ಲ. ಉಳಿದ ಹನ್ನೊಂದು ಕೀಲಿಮಣೆಗಳ ಸದ್ದು ತಾನಾಗಿ ನಿಂತಿತು. ಟೀಚರ್ ಒಂದು ಗಳಿಗೆ ಕಂಡಕ್ಟರ ಮುಖವನ್ನೇ ನೋಡಿದರು. ಅಲ್ಲಿ ಕುಚೋದ್ಯವಿರಲಿಲ್ಲ, ಒಂದು ವಾರ ಬೈಸಿಕೊಂಡ ದಣಿವಿತ್ತು. "ಏಳಿ," ಎಂದು ಅವರನ್ನು ಎಬ್ಬಿಸಿ, ತಾವೇ ಕುಳಿತು, ಎಂದಿನಂತೆ ಕೈಗಳನ್ನಿಟ್ಟು, ಕಣ್ಣುಗಳನ್ನು ಪರದೆಯ ಮೇಲೆ ನೆಟ್ಟು ಹೊಡೆದರು.

ಬೆರಳುಗಳು ನಾಲ್ಕು ಪದ ದಾಟಿದವು. ಪರದೆ ಬಿಳಿಯಾಗಿಯೇ ಇತ್ತು. ಐದನೆಯ ಪದಕ್ಕೆ ಹೋಗುವಷ್ಟರಲ್ಲಿ ಮೊದಲನೆಯ ಪದ ಕಾಣಿಸಿತು, ನಿಂತಿತು, ಮತ್ತೆ ಎರಡು ಪದಗಳು ಒಬ್ಬರ ಮೇಲೊಬ್ಬರು ಬಿದ್ದಂತೆ ಬಂದವು. ಬೆರಳು ಇಲ್ಲಿ, ಅಕ್ಷರ ಅಲ್ಲೆಲ್ಲೋ. ಟೀಚರ ಕಿರುಬೆರಳು, ನಲವತ್ತು ವರ್ಷಗಳಲ್ಲಿ ತಪ್ಪದ ಕಿರುಬೆರಳು, ಇನ್ನೊಮ್ಮೆ ಒತ್ತಲೇ ಎಂದು ತಾನಾಗಿ ಕೆಳಗೆ ಬಾಗಿತು. ಅವರು ಕೈ ತೆಗೆದುಬಿಟ್ಟರು.

ಕಾರಣ ಬಿಸಿಲಿನಷ್ಟು ನಿಚ್ಚಳವಾಗಿತ್ತು. ಪುಟದುದ್ದಕ್ಕೂ ಯಂತ್ರ ಅವರ ಹಿಂದೆ ಏದುಸಿರು ಬಿಡುತ್ತ ಓಡಿಬರುತ್ತಿತ್ತು. ಅವರು ತಲೆಯೆತ್ತುವ ಹೊತ್ತಿಗೆ ಬಂದು ಮುಟ್ಟಿ, ಏನೂ ಆಗಿಲ್ಲವೆಂಬಂತೆ ನಿಂತುಬಿಡುತ್ತಿತ್ತು. ಆ ಏದುಸಿರು ಕಾಣಬೇಕಾದರೆ ನಡುವೆ ಒಮ್ಮೆ ತಿರುಗಿ ನೋಡಬೇಕಿತ್ತು. ಅವರು ನೋಡುವವರಲ್ಲ. ಮದುಮಗಳ ಒಡವೆಗಳನ್ನೆಲ್ಲ ಹೊರಲು ಆ ಹಳೆಯ ಯಂತ್ರಗಳ ಒಂದು ಜಿಬಿ ಮೆಮೊರಿ ಸಾಲದು. ಹೊಸ ಯಂತ್ರದಲ್ಲಿ ಅವಳ ನಡೆಗೆ ಯಾವ ಕೊರತೆಯೂ ಇರಲಾರದು. ಬೆರಳುಗಳದಂತೂ ಏನೇನೂ ತಪ್ಪಿರಲಿಲ್ಲ.

ಟೀಚರ್ ಎದ್ದು ನಿಂತು ಕೋಟಿನ ಗುಂಡಿಯನ್ನು ಸರಿಪಡಿಸಿಕೊಂಡರು.

"ಎಲ್ಲರೂ ಕೈ ತೆಗೀರಿ. ಬೆರಳಿನ ತಪ್ಪಲ್ಲ ಇದು, ಆರಿಸಿದ ನನ್ನ ತಪ್ಪು. ಇಷ್ಟು ದಿನ ಸುಮ್ನೆ ಬೈದೆ. ಇವತ್ತು ಪಾಠ ಇಲ್ಲ, ಮನೆಗೆ ಹೋಗಿ. ಕಂಡಕ್ಟರೇ, ನೀವು ಇರಿ."

"ನಾನೊಬ್ಬನೇ ಯಾಕೆ ಟೀಚರ್? ನಾನೇನು ತಪ್ಪು ಮಾಡ್ದೆ?"

"ನಿಮ್ಮಷ್ಟು ನಿಧಾನ ಇಲ್ಲಿ ಯಾರೂ ಇಲ್ಲ. ಅದು ನನಗೀಗ ಬೇಕು."

ಕಂಡಕ್ಟರ್ ಇದನ್ನು ಹೊಗಳಿಕೆಯೆಂದೇ ಸ್ವೀಕರಿಸಿ ಕುಳಿತರು.

ಫೋನು ಹೋದ ಕೂಡಲೇ ಮೈದುನ ಅರ್ಧ ಬಿಚ್ಚಿದ ಪ್ರಿಂಟರನ್ನು ಅಂಗಡಿಯಲ್ಲೇ ಬಿಟ್ಟು ಬಂದ. ಅತ್ತಿಗೆ ಪೀಠಿಕೆ ಹಾಕಲಿಲ್ಲ.

"ಇದು ನಿಧಾನ ಅಂತ ನಿನಗೆ ಗೊತ್ತಿತ್ತಾ?"

"ಅನ್ನಿಸ್ತು. ಹೇಳೋಣ ಅಂತ ಬಾಯಿ ತೆಗೆದೆ. ನೀವು ಅಷ್ಟರಲ್ಲಿ ಸರಿ ಇದೆ ಅಂದ್ರಿ. ಟೈಪಿಂಗ್ ವಿಷಯದಲ್ಲಿ ನಿಮ್ಮೆದುರು ಮಾತಾಡಿ ಈ ಮನೆತನದಲ್ಲಿ ಯಾರು ಗೆದ್ದಿದಾರೆ?"

"ಇನ್ಮೇಲೆ ಮಾತಾಡು. ಸೋತ್ರೂ ಪರವಾಗಿಲ್ಲ, ಮಾತಾಡು. ಈಗ ಆ ಎರಡು ಡಿಸ್ಕ್ ತೆಗೆ. ಆ ಮೂಲೇದಕ್ಕೆ ಹಾಕು."

ಮೂಲೆಯದೆಂದರೆ ಹನ್ನೆರಡರಲ್ಲೇ ದುರ್ಬಲವಾದ ಯಂತ್ರ. ಅದರ ಪಕ್ಕದ ತಗಡನ್ನು ಟೈಪ್‌ರೈಟರಿನ ಹಳೆಯ ರಿಬ್ಬನ್ನಿನಿಂದ ಕಟ್ಟಲಾಗಿತ್ತು. ಮೈದುನ ಹುಬ್ಬೇರಿಸಿದ.

"ಅದಕ್ಕಾ? ಅದು ಉಸಿರಾಡ್ತಿರೋದೇ ಹೆಚ್ಚು."

"ಅದರಲ್ಲಿ ನಡೆದ್ರೆ ಉಳಿದವುಗಳಲ್ಲೂ ನಡೆಯುತ್ತೆ. ಹೊಡೆಯೋರು ಕಂಡಕ್ಟರು, ಪರದೆ ನೋಡ್ತಾ. ಹಿಂದೆ ಪ್ರಿಂಟರಿಗೂ ಒಂದು ಪುಟ ಹೋಗ್ತಿರಲಿ. ಪರೀಕ್ಷೆ ದಿನ ಹೇಗಿರುತ್ತೋ ಹಾಗೇ ಇರಬೇಕು."

ಮೊದಲು ನಾಯಿಮರಿ. ಪಪ್ಪಿ ತನ್ನ ಸಂಸಾರವನ್ನೆಲ್ಲ ಡಿಸ್ಕಿನಿಂದ ಮೆಮೊರಿಗೆ ಸಾಗಿಸಿಕೊಂಡು, ಆಮೇಲೆ ಚಿಗರೆಯಂತೆ ಓಡಿತು. ಟೀಚರ್ ಕಂಡಕ್ಟರ ಬೆನ್ನ ಹಿಂದೆ ನಿಂತು, ಕಿವಿಯನ್ನು ಕೀಲಿಯ ಸದ್ದಿಗೂ ಕಣ್ಣನ್ನು ಪರದೆಗೂ ಕೊಟ್ಟರು. ಸದ್ದು ಮತ್ತು ಅಕ್ಷರ ಎರಡೂ ಒಟ್ಟಿಗೇ ಬಂದವು.

"ರೈಟ್," ಎಂದರು ಕಂಡಕ್ಟರ್ ಪ್ರತಿ ಅಕ್ಷರಕ್ಕೂ. "ರೈಟ್. ರೈಟ್. ಟೀಚರ್, ಇದನ್ನೇ ಇಟ್ಕೊಳ್ಳಿ."

ಟೀಚರ್ ಈ ಸಲ ಅವಸರಪಡಲಿಲ್ಲ. ಮೈದುನನ ಕಡೆಗೆ ತಿರುಗಿದರು. "ನೀನು ಮಾತಾಡು. ಇದರಲ್ಲಿ ಏನು ಕೊರತೆ?"

"ಕೊರತೆ ಅಂತಲ್ಲ. ಇದರಲ್ಲಿ ಯಾರು ಮುಂದೆ ಕೂತ್ಕೋತಾರೋ ಅವರೇ ಯಜಮಾನರು. ಏನು ಬೇಕಾದ್ರೂ ಬದಲಾಯಿಸ್ಬಹುದು, ಅಳಿಸ್ಬಹುದು, ತಡೆಯೋರಿಲ್ಲ. ಮನೇಲಿ ಒಬ್ಬರೇ ಬಳಸೋರಿಗೆ ಬಹಳ ಚೆನ್ನ."

"ಪರೀಕ್ಷಾ ಕೋಣೆಗೆ ಯಜಮಾನಿ ಒಬ್ಬಳು ಸಾಕು. ಮುಂದಿನದು ಹಾಕು."

ಬಡಕಲು ಬಂದಿತು. ಬೂದು ಪಟ್ಟಿ, ಅವೇ ಸಣ್ಣ ಗುರುತುಗಳು. ಮೈದುನ ಮೆಮೊರಿಯ ಲೆಕ್ಕ ತೋರಿಸುವ ಒಂದು ಪುಟ್ಟ ಕಿಟಕಿ ತೆರೆದ. ಸುಮ್ಮನೆ ಕುಳಿತಿರುವಾಗ ಅದು ತಿನ್ನುತ್ತಿದ್ದುದು ಯಂತ್ರಕ್ಕಿದ್ದುದರಲ್ಲಿ ಒಂದು ಮೂಲೆಯಷ್ಟು. ಭಾರದ ಕಚೇರಿ ತಂತ್ರಾಂಶದ ಬದಲು ಬರವಣಿಗೆಗೆ ಸಾಕಾಗುವ ಹಗುರವಾದುದೊಂದನ್ನು ತೆರೆದು, ಹಿಂದೆ ಪ್ರಿಂಟರನ್ನು ಓಡಿಸಿದ. ಕಂಡಕ್ಟರ್ ಹೊಡೆದರು. ಅರ್ಧ ಪುಟ. ಮುಕ್ಕಾಲು ಪುಟ. ಅವರ ಸ್ವಂತ ತಪ್ಪುಗಳು ಅಲ್ಲಲ್ಲಿ ಇದ್ದವು. ಜೋಡಿ ಅಕ್ಷರ ಒಂದೂ ಇರಲಿಲ್ಲ. ಬೆರಳು ಮೇಲೇಳುವ ಮೊದಲೇ ಅಕ್ಷರ ಬಂದು ಕುಳಿತಿರುತ್ತಿತ್ತು.

"ಇಲ್ಲಿ ಯಜಮಾನಿಕೆ?"

"ವಿದ್ಯಾರ್ಥಿಗೆ ಬೇರೆ ಹೆಸರು, ನಿಮಗೆ ಬೇರೆ ಗುಪ್ತಪದ. ನೀವು ಬಿಟ್ಟಷ್ಟೇ ಅವರು ಮುಟ್ಟೋದು."

"ತಿದ್ದುಪಡಿ?"

"ಡೆಬಿಯನ್ ಅಂತ ದೊಡ್ಡ ಮನೆ ಇದೆ, ಇದು ಆ ಮನೆ ಕೂಸು. ಬಹಳಷ್ಟು ತಿದ್ದುಪಡಿ ಆ ಮನೆಯಿಂದಲೇ ಬರುತ್ತೆ. ಮೂವತ್ತೆರಡು ಬಿಟ್ಟಿಗೂ ಬರುತ್ತೆ."

"ಸರಿ. ಈಗ ನಿನ್ನ ಅನಿಸಿಕೆ ಹೇಳು. ನಾನು ಬಾಯಿ ಮುಚ್ಕೊಂಡಿರ್ತೀನಿ."

ಮೈದುನ ಅತ್ತಿಗೆಯ ಮುಖವನ್ನು, ಅದು ನಿಜವೇ ಎಂಬಂತೆ, ನೋಡಿದ. "ಇದೇ," ಎಂದ. "ನಾನು ಮೊದಲ ದಿನವೇ ಇದನ್ನೇ ಹೇಳೋನಿದ್ದೆ."

"ಹೇಳೋನಿದ್ದೆ ಅನ್ನೋದಕ್ಕೆ ಅಂಕ ಕೊಡಲ್ಲ ನಾನು," ಎಂದರು ಟೀಚರ್.

ಶನಿವಾರ ಮತ್ತು ಭಾನುವಾರ, ಡಿಸೆಂಬರ್ ಏಳು ಮತ್ತು ಎಂಟು, ಹನ್ನೆರಡು ಯಂತ್ರಗಳಿಂದಲೂ ಬೆಟ್ಟ ಇಳಿಯಿತು. ಸೋಮವಾರದಿಂದ ತರಗತಿಗಳು ನಿಂತಲ್ಲಿಂದ ಮುಂದುವರಿದವು. ವಾರವಿಡೀ ಮಧ್ಯದ ಸಾಲನ್ನೇ ಕುಟ್ಟಿದ ಬೆರಳುಗಳು ಗಟ್ಟಿಯಾಗಿದ್ದವು. ಆ ಲಾಭವನ್ನು ಟೀಚರ್ ಯಾರ ಮುಂದೆಯೂ ಎತ್ತಿ ಆಡಲಿಲ್ಲ.

ಡಿಸೆಂಬರ್ ಹದಿನಾರರ ಬೆಳಿಗ್ಗೆ ಮಂಡಳಿಯ ತಪಾಸಣಾಧಿಕಾರಿ ಕುತ್ತಿಗೆಗೆ ಉಣ್ಣೆಯ ಪಟ್ಟಿ ಸುತ್ತಿಕೊಂಡು, ಕೆಮ್ಮುತ್ತ ಬಂದರು. ಬೂದು ಪರದೆಗಳ ಸಾಲನ್ನು ಈ ತುದಿಯಿಂದ ಆ ತುದಿಯವರೆಗೆ ನೋಡಿ ಮೂಗು ಮುರಿದರು.

"ಏನಮ್ಮ ಇದು, ಎಲ್ಲಾ ಬೋಳುಬೋಳು?"

"ಪರೀಕ್ಷೆಗೆ ಕೂತವರಿಗೆ ನೋಡೋಕೆ ಪ್ರಶ್ನೆಪತ್ರಿಕೆ ಇರುತ್ತೆ ಸರ್."

"ಯಾವ ವರ್ಷದ ಯಂತ್ರಗಳು?"

"೨೦೦೫."

"ಹದಿನಾಲ್ಕು ವರ್ಷ. ಇವಕ್ಕೆ ತಿದ್ದುಪಡಿ ಬರ್ತಿದೆ ಅಂತ ನಾನು ನಂಬಬೇಕು?"

"ನಂಬೋದು ಬೇಡ, ನೋಡಿ." ಟೀಚರ್ ಗುಪ್ತಪದ ಹೊಡೆದು, ಹಿಂದಿನ ದಿನ ಹಾಕಿದ್ದ ತಿದ್ದುಪಡಿಗಳ ತಾರೀಖನ್ನು ತೋರಿಸಿದರು. ಅಧಿಕಾರಿ ಬಗ್ಗಿ ಓದಿ, ಇನ್ನೊಂದು ಯಂತ್ರದಲ್ಲಿ ತೋರಿಸಲು ಹೇಳಿ, ಅಲ್ಲಿಯೂ ಓದಿದರು. ಆಮೇಲೆ ಹನ್ನೆರಡು ಮಂದಿಯನ್ನು ಒಟ್ಟಿಗೆ ಕೂಡಿಸಿ ಒಂದು ಪುಟ ಹೊಡೆಸಿ, ಒಟ್ಟಿಗೇ ಮುದ್ರಣಕ್ಕೆ ಕಳುಹಿಸಲು ಆಜ್ಞಾಪಿಸಿದರು. ಪುಟಗಳು ಒಂದರ ಹಿಂದೊಂದು ಬಂದವು. ಅಷ್ಟಕ್ಕೂ ಅವರಿಗೆ ತೃಪ್ತಿಯಾಗಲಿಲ್ಲ. ಮೂಲೆಯ ಯಂತ್ರದ ಬಳಿಗೆ ನಡೆದು, ಅಲ್ಲಿದ್ದ ವಿದ್ಯಾರ್ಥಿಯನ್ನು ಎಬ್ಬಿಸಿ, ತಾವೇ ಕುಳಿತರು.

ಅವರು ಹೊಡೆದದ್ದು ಎರಡೇ ತೋರುಬೆರಳುಗಳಿಂದ. ಒಂದು ಕೀಲಿ ಹುಡುಕುವುದು, ಒತ್ತುವುದು, ಬಂದಿತೇ ಎಂದು ಪರದೆ ನೋಡುವುದು, ಮತ್ತೊಂದು ಹುಡುಕುವುದು. ಟೀಚರ್ ಹಿಂದೆ ನಿಂತು, ತಮ್ಮ ಜೀವಮಾನದಲ್ಲಿ ಮೊದಲ ಬಾರಿಗೆ, ಒಬ್ಬರು ಹಾಗೆ ಹೊಡೆಯುವುದನ್ನು ತಿದ್ದದೆ ನೋಡಿದರು. ಅಧಿಕಾರಿ ಒತ್ತಿದ ಪ್ರತಿ ಕೀಲಿಗೂ ಅಕ್ಷರ ಆಗಿಂದಾಗಲೇ ಹಾಜರಾಯಿತು. ಅವರು ತಮ್ಮ ಹೆಸರನ್ನೂ ಹುದ್ದೆಯನ್ನೂ ಹೊಡೆದು, ಓದಿಕೊಂಡು, ಎದ್ದರು.

"ನಡೆಯುತ್ತೆ. ನಮ್ಮ ಕಚೇರೀಲಿರೋ ಹೊಸದು ಇಷ್ಟು ಬೇಗ ಮಾತು ಕೇಳಲ್ಲ. ಆದ್ರೆ ಈ ತಗಡಿಗೆ ಕಟ್ಟಿರೋ ರಿಬ್ಬನ್ ತೆಗೆದು ಮೊಳೆ ಹಾಕಿಸಿ. ಪರೀಕ್ಷಾ ಕೇಂದ್ರ ಇದು, ಹೂವಿನ ಬುಟ್ಟಿ ಅಲ್ಲ."

"ಇವತ್ತೇ ಹಾಕಿಸ್ತೀನಿ ಸರ್," ಎಂದರು ಟೀಚರ್, ಹಾಕಿಸಿದರು ಕೂಡ.

ಕೇಂದ್ರದ ಮಾನ್ಯತೆಯ ಪತ್ರ ೨೦೨೦ನೆಯ ಇಸವಿ ಜನವರಿ ಆರರಂದು, ಸೋಮವಾರ, ಕೈಸೇರಿತು. ಪರೀಕ್ಷೆ ಫೆಬ್ರವರಿ ಒಂಬತ್ತರಂದು, ಭಾನುವಾರ, ಅದೇ ಕೋಣೆಯಲ್ಲಿ ನಡೆಯಿತು. ಹೊಳೆಯಾಚೆಯ ಶಾಲೆಯನ್ನು ವಿಚಾರಿಸಿ ಬಂದಿದ್ದ ಇಬ್ಬರೂ ಇಲ್ಲಿಯೇ ಬರೆದರು. ಕಂಡಕ್ಟರ್ ಕೆಳದರ್ಜೆಯಲ್ಲಿ ಉತ್ತೀರ್ಣರಾಗಿ ಡಿಪೋದ ಕಚೇರಿಗೆ ಸೇರಿದರು. ಆ ಮಾರ್ಚ್ ತಿಂಗಳಿನಿಂದ ಕೊರೊನಾದ ಕಾರಣ ಶಾಲೆ ಬಹುಕಾಲ ಮುಚ್ಚಿದ್ದು, ೨೦೨೧ನೆಯ ಇಸವಿ ಜನವರಿ ನಾಲ್ಕರಂದು, ಸೋಮವಾರ, ಮತ್ತೆ ತೆರೆಯಿತು. ಮೂಲೆಯ ಯಂತ್ರ ಅಂದು ಚಾಲೂ ಆಗಲಿಲ್ಲ. ಉಳಿದ ಹನ್ನೊಂದು ೨೦೨೩ನೆಯ ಇಸವಿ ಜೂನ್ ಮೂವತ್ತರವರೆಗೆ ನಡೆದವು. ಅಂದು, ಶುಕ್ರವಾರ, ಟೀಚರ್ ಶಾಲೆಯನ್ನು ತಮ್ಮ ಹಳೆಯ ವಿದ್ಯಾರ್ಥಿನಿಯೊಬ್ಬಳಿಗೆ ವಹಿಸಿಕೊಟ್ಟರು.